ವರ್ಕ್‌ಶಾಪ್ ಎಲ್ಲಿಗೆ ಹೋಯಿತು?

ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಫಿಟ್ಟಿಂಗ್ ಲ್ಯಾಬ್ ಅಂತ ಒಂದಿತ್ತು. ಎರಡು ಕಬ್ಬಿಣದ ತುಂಡುಗಳನ್ನು ಅರದಿಂದ ಉಜ್ಜಿ ಉಜ್ಜಿ, ನಡುವೆ ಬೆಳಕೂ ತೂರದ ಹಾಗೆ ಒಂದಕ್ಕೊಂದು ಕೂರಿಸಬೇಕು. ನಾನು ಕೂರಿಸಲಿಲ್ಲ. ಸೀನಿಯರ್ ಒಬ್ಬರು ಮಾಡಿಟ್ಟಿದ್ದ ಜಾಬನ್ನೇ ತೋರಿಸಿ ಪಾಸಾದೆ. ನಗಬೇಡಿ, ನಿಮ್ಮಲ್ಲೂ ಎಷ್ಟು ಜನ ಹಾಗೇ ಪಾಸಾಗಿದ್ದೀರಿ ಅಂತ ಗೊತ್ತು. ಕೈ ಕೊಳೆ ಮಾಡಿಕೊಳ್ಳುವ ಕೆಲಸ ಕೀಳು ಅನ್ನೋದು ನಮ್ಮ ಜಾತಿ ಪದ್ಧತಿ ಅಂಟಿಸಿದ ರೋಗ ಅಂದುಕೊಂಡಿದ್ದೆ. ಇರಬಹುದು. ಆದರೆ ನಮ್ಮ ಜಾತಿಗಳಿಲ್ಲದ ಅಮೆರಿಕವೂ ಬೇರೆ ದಾರಿ ಹಿಡಿದು ಅಲ್ಲಿಗೇ ಬಂದು ನಿಂತಿತು.

1876ರಲ್ಲಿ ಫಿಲಡೆಲ್ಫಿಯಾದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಮಾಸ್ಕೋದ ತಾಂತ್ರಿಕ ಶಾಲೆಯೊಂದು ಅಲ್ಲಿ ತನ್ನ ವಿದ್ಯಾರ್ಥಿಗಳು ಮರ, ಕಬ್ಬಿಣದಲ್ಲಿ ಮಾಡಿದ ತುಣುಕುಗಳನ್ನು ಸಾಲಾಗಿ ಜೋಡಿಸಿಟ್ಟಿತ್ತು. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಉಸ್ತಾದನ ಹಿಂದೆ ವರ್ಷಗಟ್ಟಲೆ ತಿರುಗಿ ಕಲಿಯಬೇಕಿದ್ದ ಕಸುಬನ್ನು ಅವರು ಕಾಗುಣಿತದ ಹಾಗೆ ಪಾಠಗಳಾಗಿ ಒಡೆದಿದ್ದರು. ಇದನ್ನು ನೋಡಿದ ಎಂಐಟಿ ಅಧ್ಯಕ್ಷ ಜಾನ್ ರಂಕಲ್, ಅದೇ ವರ್ಷ ತಮ್ಮಲ್ಲೂ ವರ್ಕ್‌ಶಾಪ್ ತರಗತಿ ಶುರು ಮಾಡಿಸಿದರು. ನಾನು ಕದ್ದು ತೋರಿಸಿದ ವಿ-ಜಾಯಿಂಟ್ ಅದೇ ವಂಶದ ಕೂಸು ಅಂತ ನನ್ನ ಅನಿಸಿಕೆ.

ಮುರಿದು ಬಿದ್ದದ್ದು ಎರಡನೇ ಮಹಾಯುದ್ಧದ ನಂತರ. ರೇಡಾರ್, ಅಣುಬಾಂಬ್ ಎಲ್ಲದರಲ್ಲೂ ಭೌತವಿಜ್ಞಾನಿಗಳೇ ಮುಂದಿದ್ದರು, ಇಂಜಿನಿಯರುಗಳಿಗೆ ಮುಖಭಂಗ. ಪಠ್ಯಕ್ರಮ ಸರಿಪಡಿಸಲು ಎಲ್. ಇ. ಗ್ರಿಂಟರ್ ಅಧ್ಯಕ್ಷತೆಯಲ್ಲಿ ಸಮಿತಿಯಾಯಿತು. ಓದು ಎರಡು ಕವಲಾಗಲಿ, ಒಂದು ವಿಜ್ಞಾನದ ಕಡೆಗೆ, ಇನ್ನೊಂದು ಉದ್ಯಮದ ಕಡೆಗೆ ಅಂತ ಅದರ ಮೊದಲ ಕರಡು ಹೇಳಿತ್ತು. ಕಾಲೇಜುಗಳು ಗಲಾಟೆ ಎಬ್ಬಿಸಿದವು. ‘ಎರಡನೇ ದರ್ಜೆ’ ಅನ್ನಿಸಿಕೊಳ್ಳೋಕೆ ಯಾರಿಗೆ ಇಷ್ಟ? 1955ರ ಅಂತಿಮ ವರದಿಯಲ್ಲಿ ಕವಲು ಮಾಯ. ಗಣಿತ, ವಿಜ್ಞಾನ ಹೆಚ್ಚಿತು, ವರ್ಕ್‌ಶಾಪ್ ಮೂಲೆಗೆ ಸರಿಯಿತು.

ತಮಾಷೆ ನೋಡಿ, ಅದೇ ಹೊತ್ತಿಗೆ ಮಷೀನುಗಳು ಜಾಣವಾಗುತ್ತಿದ್ದವು. ರಂಧ್ರ ಕೊರೆದ ಟೇಪು ಓದಿ ತಾನೇ ಲೋಹ ಕೊರೆಯುವ ಮಿಲ್ಲಿಂಗ್ ಯಂತ್ರವನ್ನು ಎಂಐಟಿ 1952ರಲ್ಲಿ ತೋರಿಸಿತ್ತು. ಇಂದಿನ ಸಿಎನ್‌ಸಿಯ ಅಜ್ಜ ಅದು. ಅದನ್ನು ನಡೆಸುವವನಿಗೆ ಲೋಹವೂ ಗೊತ್ತಿರಬೇಕು, ಲೆಕ್ಕವೂ ಗೊತ್ತಿರಬೇಕು. ಅವನನ್ನು ತಯಾರು ಮಾಡೋರು ಯಾರು?

ಆ ಕೆಲಸ ಎರಡು ವರ್ಷದ ಕಾಲೇಜುಗಳ ಹೆಗಲಿಗೆ ಬಿತ್ತು. 1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಆರೇ ವಿದ್ಯಾರ್ಥಿಗಳಿಂದ ಇಂಥದ್ದೊಂದು ಶುರುವಾದಾಗ ಉದ್ದೇಶವೇ ಬೇರೆ: ಯೂನಿವರ್ಸಿಟಿಯ ಮೊದಲೆರಡು ವರ್ಷವನ್ನು ಊರಲ್ಲೇ ಓದಿಸೋದು. ಕಸುಬಿನ ಓದು ಆಮೇಲೆ ಬಂದು ಸೇರಿಕೊಂಡಿತು. 1960ರ ದಶಕದಲ್ಲಂತೂ ದೇಶದಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಸಮುದಾಯ ಕಾಲೇಜು ಬಾಗಿಲು ತೆರೆಯಿತು. ನೂಲಿನ ಗಿರಣಿಗಳನ್ನೇ ನಂಬಿದ್ದ ಸೌತ್ ಕೆರೊಲಿನಾ 1961ರಲ್ಲಿ ತನ್ನದೇ ತಾಂತ್ರಿಕ ಶಿಕ್ಷಣ ವ್ಯವಸ್ಥೆ ಕಟ್ಟಲು ಹೊರಟಿತು. ಮರುವರ್ಷ ಗ್ರೀನ್‌ವಿಲ್‌ನಲ್ಲಿ ಮೊದಲ ಕೇಂದ್ರ. ರಾಜ್ಯಕ್ಕೆ ಹೊಸ ಕಾರ್ಖಾನೆ ಬಂದರೆ ಕೆಲಸಗಾರರ ತರಬೇತಿ ಸರ್ಕಾರದ ಖರ್ಚು. 1992ರಲ್ಲಿ ಬಿಎಂಡಬ್ಲ್ಯೂ ಅಲ್ಲೇ ಹತ್ತಿರದಲ್ಲಿ ಕಾರ್ಖಾನೆ ಹಾಕ್ತೀನಿ ಅಂದದ್ದು ಬರೀ ಅದೃಷ್ಟವಲ್ಲ.

ನಮ್ಮಲ್ಲೂ ಇದನ್ನು ಮೊದಲೇ ಕಂಡವರಿದ್ದರು. ವಿಶ್ವೇಶ್ವರಯ್ಯನವರು ಭದ್ರಾವತಿ ಕಾರ್ಖಾನೆಯ ಕೆಲಸಕ್ಕೆ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಬೆಂಗಳೂರಿನ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟಿಗೆ ಕೊಡಿಸಿದರು. ಅದೇ ಇಂದಿನ ಎಸ್‌ಜೆಪಿ. ನಾವೋ, ಇನ್ನೂ ‘ಬರೀ ಡಿಪ್ಲೊಮಾನಾ?’ ಅಂತ ಕೇಳ್ತೀವಿ.

ಅಮೆರಿಕದ ಎರಡು ವರ್ಷದ ‘ಮ್ಯಾನುಫ್ಯಾಕ್ಚರಿಂಗ್ ಇಂಜಿನಿಯರಿಂಗ್ ಟೆಕ್ನಾಲಜಿ’ಯಲ್ಲಿ ಡ್ರಾಯಿಂಗ್ ಓದೋದು, ಮೈಕ್ರೊಮೀಟರ್ ಹಿಡಿಯೋದು, ಸಿಎನ್‌ಸಿ, ಪಿಎಲ್‌ಸಿ, ಗುಣಮಟ್ಟದ ಅಂಕಿಅಂಶ ಎಲ್ಲ ಇರುತ್ತೆ. ಶಿಫ್ಟ್ ಮುಗಿಸಿ ಸಂಜೆ ಕ್ಲಾಸಿಗೆ ಬರೋರು ಬಹಳ. ತೊಡಕು ಬರೋದು ಆಮೇಲೆ. ಅದರ ಗಣಿತ ಹೆಚ್ಚಾಗಿ ಆಲ್ಜೀಬ್ರಾ, ಟ್ರಿಗನಾಮೆಟ್ರಿಯಲ್ಲೇ ನಿಲ್ಲುತ್ತೆ. ನಾಲ್ಕು ವರ್ಷದ ಇಂಜಿನಿಯರಿಂಗಿಗೆ ಹೋಗ್ತೀನಿ ಅಂದರೆ ಓದಿದ್ದರಲ್ಲಿ ಬಹುಪಾಲು ಅನೇಕ ಕಡೆ ಲೆಕ್ಕಕ್ಕೇ ಬರಲ್ಲ. ಹತ್ತು ವರ್ಷ ಮಷೀನ್ ನಡೆಸಿದವನಾದರೂ ಕ್ಯಾಲ್ಕುಲಸ್ ಒಂದರಿಂದ ಶುರು ಮಾಡಬೇಕು.

ನನಗಂತೂ ಅರ ಹಿಡಿದು ಮೊದಲಿಂದ ಶುರು ಮಾಡಪ್ಪಾ ಅಂತ ಈವರೆಗೆ ಯಾರೂ ಹೇಳಿಲ್ಲ.