ಗೋಡೆಯ ಮೇಲಣ ಪಟಗಳು

ತೈಲವರ್ಣದ ಚಿತ್ರಪಟವು ಪೂರ್ವದಲ್ಲಿ ಅರಮನೆಗಳ ಮತ್ತು ಧನಿಕರ ಸೊತ್ತಾಗಿದ್ದಿತು. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದ ಮೇಲೆ ಲಕ್ಷ್ಮೀ ಸರಸ್ವತಿಯರು ಅಲ್ಪಬೆಲೆಗೆ ಸಾಮಾನ್ಯರ ಪಡಸಾಲೆಗೂ ಬಿಜಯಂಗೈದರು. ಒಂದೊಂದು ವರ್ಣಕ್ಕೆ ಒಂದೊಂದು ಕಲ್ಲು. ಅಚ್ಚಾದ ಪ್ರತಿಗಳೆಲ್ಲವೂ ಒಂದೇ ತೆರನು. ಆದರೆ ಗೃಹಿಣಿಯರು ಅಷ್ಟಕ್ಕೇ ತೃಪ್ತರಾಗಲಿಲ್ಲ. ದೇವಿಯ ಸೀರೆಯ ಮೇಲೆ ಹಳೆಯ ಜರಿಯನ್ನೂ ಬಟ್ಟೆಯ ತುಂಡುಗಳನ್ನೂ ಅಂಟಿಸಿ, ಚಮಕಿಗಳನ್ನಿಟ್ಟು, ಗಾಜಿನ ಕಟ್ಟು ಹಾಕಿಸಿ ತೂಗುಹಾಕಿದರು. ಸಾವಿರ ಮನೆಗಳಿಗೆ ಸಮಾನವಾದ ಪಟವು ಹೀಗೆ ಒಂದು ಮನೆತನದ್ದಾಯಿತು. ಮುಂದೆ ಲೋಣಾವಳೆಯ ಸಮೀಪದ ಮಳವಲಿಗೆ ಸಾಗಿದ ಆ ಮುದ್ರಣಾಲಯವು 1972ರಲ್ಲಿ ಅಗ್ನಿಗೆ ಆಹುತಿಯಾಯಿತು.

ಮಾಸಿದ ಜರಿಯನ್ನು ಕಿತ್ತು ಪಟವನ್ನು ಹೊಸತುಮಾಡುವವರು ಒಂದನ್ನು ವಿಚಾರಿಸತಕ್ಕದ್ದು: ಚಿತ್ರಕಾರನ ಕೌಶಲವು ಎಲ್ಲ ಪ್ರತಿಗಳಲ್ಲಿಯೂ ಉಂಟು, ಅಜ್ಜಿಯ ಕೈಗೆಲಸವು ಇದೊಂದರಲ್ಲಿಯೇ. ಇದಕ್ಕೆ ಬೇಕಾದುದು ತೇವವಿಲ್ಲದ, ಬಿಸಿಲು ತಾಗದ ಗೋಡೆಯಷ್ಟೆ, ವೆಚ್ಚವೇನೂ ಇಲ್ಲ.