ಡೆಲ್ಫ್ಟ್ ನಗರದ ಸೈಕಲ್ ದಾರಿಗಳು

ರಾಜಮಾರ್ಗಗಳ ಚರಿತ್ರೆಯನ್ನು ಬರೆದವರು ಬಹಳ ಮಂದಿ. ಸೈನ್ಯ ನಡೆದ ದಾರಿ, ವರ್ತಕರ ಹೇರೆತ್ತುಗಳು ಸಾಗಿದ ದಾರಿ, ಯಾತ್ರಿಕರು ಸವೆಸಿದ ದಾರಿ—ಇವಕ್ಕೆಲ್ಲ ಶಾಸನಗಳಲ್ಲಿಯೋ ಪ್ರವಾಸಿಗಳ ಬರಹಗಳಲ್ಲಿಯೋ ಒಂದಲ್ಲ ಒಂದು ಸಾಕ್ಷ್ಯ ದೊರೆಯುತ್ತದೆ. ಆದರೆ ಮಗುವೊಂದು ಮನೆಯಿಂದ ಶಾಲೆಗೆ ಹೋಗುವ ದಾರಿಯ ಚರಿತ್ರೆಯನ್ನು ಬರೆದವರು ವಿರಳ. ಅಂಥ ದಾರಿಗಾಗಿ ಒಂದು ದೇಶವೇ ವಾದಿಸಿ, ಬೀದಿಗಿಳಿದು, ಹಣ ಸುರಿದು, ಒಮ್ಮೆ ಎಡವಿ, ಮತ್ತೆ ಎದ್ದು ಕಟ್ಟಿದ ಕಥೆ ಹಾಲೆಂಡಿನದು. ಆ ಕಥೆಯ ಬಹುಮುಖ್ಯ ಅಧ್ಯಾಯ ನಡೆದದ್ದು ಡೆಲ್ಫ್ಟ್ ಎಂಬ ಸಣ್ಣ ನಗರದಲ್ಲಿ.

ಡೆಲ್ಫ್ಟ್ ಹಳೆಯ ಊರು. ಚಿತ್ರಕಾರ ವರ್ಮೀರ್ ಹುಟ್ಟಿ ಬಾಳಿದ್ದು ಇಲ್ಲಿ. ಲೇವೆನ್‌ಹುಕ್ ತನ್ನ ಸೂಕ್ಷ್ಮದರ್ಶಕವನ್ನು ಹಿಡಿದು, ನೀರಿನ ಹನಿಯೊಳಗೆ ಓಡಾಡುವ ಜೀವಿಗಳನ್ನು ಕಂಡು ಬೆರಗಾದದ್ದೂ ಇಲ್ಲಿಯೇ. ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ಆರು ಶಾಖೆಗಳಲ್ಲಿ ಒಂದು ಈ ಊರಿನಲ್ಲಿತ್ತು; ಅದೇ ಕಂಪನಿ ನಮ್ಮ ಕರಾವಳಿಯ ಬಸರೂರಿನಲ್ಲಿಯೂ ವ್ಯಾಪಾರ ನಡೆಸಿತ್ತು. ಕಾಲುವೆಗಳು, ಅವುಗಳ ಮೇಲೆ ಪುಟ್ಟ ಸೇತುವೆಗಳು, ಕಿರಿದಾದ ಬೀದಿಗಳು—ಕಾಲ್ನಡಿಗೆಯ ಮನುಷ್ಯನ ಅಳತೆಗೆ ಬೆಳೆದ ಊರು ಇದು. ಗುಡ್ಡವಿಲ್ಲದ ಸಮನೆಲವಾದ್ದರಿಂದ ಬೈಸಿಕಲ್ಲು ಬಂದಾಗ ಅದೂ ಇಲ್ಲಿ ಸುಲಭವಾಗಿ ಮನೆಮಾತಾಯಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾಲ ಬದಲಾಯಿತು. ದೇಶದ ಸಂಪತ್ತು ಬೆಳೆದಂತೆ ಮೋಟಾರುಗಳೂ ಬೆಳೆದವು. ಚೌಕಗಳು ವಾಹನ ನಿಲ್ಲಿಸುವ ಬಯಲುಗಳಾದವು. ಎಷ್ಟೋ ಊರುಗಳಲ್ಲಿ ಹಳೆಯ ಕಟ್ಟಡಗಳನ್ನು ಕೆಡವಿ ರಸ್ತೆಯನ್ನು ಅಗಲ ಮಾಡಿದರು. ಸೈಕಲ್ಲು ಬಡವರ ಪಾಡು, ಇನ್ನು ಕೆಲವೇ ದಿನಗಳಲ್ಲಿ ಅದು ತಾನಾಗಿ ಮರೆಯಾಗುತ್ತದೆ ಎಂದು ತಿಳಿದವರೇ ಹೆಚ್ಚು. ಈ ನಂಬಿಕೆಗೆ ಹಾಲೆಂಡ್ ತೆತ್ತ ಬೆಲೆ ಘೋರವಾದುದು. 1971ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು ಮೂರು ಸಾವಿರಕ್ಕೂ ಹೆಚ್ಚು. ಅವರಲ್ಲಿ 400ಕ್ಕೂ ಮೇಲ್ಪಟ್ಟು ಮಕ್ಕಳು.

ಆ ಮಕ್ಕಳಲ್ಲಿ ಒಬ್ಬಳ ತಂದೆ ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತ. ಆತ ‘ಡಿ ಟೈಡ್’ ಪತ್ರಿಕೆಯಲ್ಲಿ 1972ರಲ್ಲಿ ಲೇಖನವೊಂದನ್ನು ಬರೆದ. ‘ಮಕ್ಕಳ ಕೊಲೆಯನ್ನು ನಿಲ್ಲಿಸಿ’ ಎಂಬುದು ಅದರ ತಲೆಬರಹ. ಅಪಘಾತ ಎನ್ನುವ ಮೆತ್ತನೆಯ ಮಾತನ್ನು ಬಿಟ್ಟು ಕೊಲೆ ಎಂಬ ಕಟುವಾದ ಮಾತನ್ನು ಆರಿಸಿದ್ದರಿಂದಲೇ ಅದು ಓದುಗರ ಎದೆಗೆ ನಾಟಿತು. ಅಪಘಾತಕ್ಕೆ ಹೊಣೆ ಯಾರೂ ಅಲ್ಲ; ಕೊಲೆಗಾದರೆ ಹೊಣೆಗಾರರಿರಲೇಬೇಕು. ಆ ತಲೆಬರಹವೇ ಒಂದು ಚಳವಳಿಯ ಹೆಸರಾಯಿತು. ತಾಯಂದಿರು, ತಂದೆಯರು, ಮಕ್ಕಳು ಬೀದಿಗಳಲ್ಲಿ ಕುಳಿತು ವಾಹನಗಳನ್ನು ತಡೆದರು. ಮರುವರ್ಷವೇ ಅರಬ್ ರಾಷ್ಟ್ರಗಳು ಹಾಲೆಂಡಿಗೆ ಎಣ್ಣೆಯನ್ನು ನಿಲ್ಲಿಸಿದವು. ಪ್ರಧಾನಿ ಡೆನ್ ಆಯ್ಲ್ ಅವರ ಸರ್ಕಾರ 1973ರ ನವೆಂಬರ್ 4ರಿಂದ ಭಾನುವಾರಗಳಲ್ಲಿ ಮೋಟಾರು ಸಂಚಾರವನ್ನು ನಿಷೇಧಿಸಿತು. ಹೆದ್ದಾರಿಯ ನಡುವೆ ಜನ ನಡೆದರು, ಸೈಕಲ್ಲು ತುಳಿದರು. ಮೋಟಾರಿಲ್ಲದ ಬೀದಿ ಹೇಗಿರುತ್ತದೆಂಬುದನ್ನು ಒಂದು ಪೀಳಿಗೆ ಮೊದಲ ಬಾರಿಗೆ ಕಣ್ಣಾರೆ ಕಂಡಿತು.

ಇಷ್ಟಾದ ಮೇಲೆ ಸರ್ಕಾರ ಕೈಕಟ್ಟಿ ಕೂರುವಂತಿರಲಿಲ್ಲ. 1970ರ ದಶಕದ ಮಧ್ಯದಲ್ಲಿ ಟಿಲ್‌ಬರ್ಗ್ ಮತ್ತು ಹೇಗ್ ನಗರಗಳಲ್ಲಿ ಒಂದೊಂದು ಮಾದರಿ ಸೈಕಲ್ ಮಾರ್ಗವನ್ನು ಕಟ್ಟಲು ಹಣ ಕೊಟ್ಟಿತು. ಮೋಟಾರುಗಳಿಂದ ಬೇರ್ಪಟ್ಟ, ನಗರವನ್ನು ಹಾದುಹೋಗುವ ಉತ್ತಮ ದಾರಿಗಳವು. ಹೇಗ್‌ನಲ್ಲಿ ಅಂಗಡಿಕಾರರು ಕೆರಳಿದರು. ಬಾಗಿಲ ಮುಂದೆ ಮೋಟಾರು ನಿಲ್ಲದಿದ್ದರೆ ಗಿರಾಕಿ ಬರುವನೇ ಎಂಬುದು ಅವರ ಅಳಲು. ಗಲಾಟೆಯ ನಡುವೆಯೂ ಮಾರ್ಗಗಳು ಸಿದ್ಧವಾದವು. ಅನಂತರ ಎಣಿಸಿ ನೋಡಿದರೆ ಫಲ ಸೋಜಿಗವಾಗಿತ್ತು. ಹೊಸ ದಾರಿಯಲ್ಲಿ ಸೈಕಲ್ಲುಗಳು ತುಂಬಿದ್ದವು ನಿಜ. ಆದರೆ ಅವರಲ್ಲಿ ಬಹುಪಾಲು ಪಕ್ಕದ ಬೀದಿಗಳನ್ನು ಬಿಟ್ಟು ಇತ್ತ ಬಂದವರು. ಇಡೀ ನಗರದಲ್ಲಿ ಸೈಕಲ್ಲೇರುವವರ ಸಂಖ್ಯೆ ಹೇಳಿಕೊಳ್ಳುವಂತೆ ಹೆಚ್ಚಲಿಲ್ಲ.

ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಯಾರ ಪಯಣವೂ ಮಾದರಿ ಮಾರ್ಗದ ತುದಿಯಲ್ಲಿ ಪ್ರಾರಂಭವಾಗುವುದಿಲ್ಲ. ಮನೆಯ ಹೊಸ್ತಿಲಲ್ಲಿ ಪ್ರಾರಂಭವಾಗುತ್ತದೆ. ನಡುವಿನ ಒಂದು ಮೈಲಿ ಎಷ್ಟೇ ಸೊಗಸಾಗಿರಲಿ, ಅದರ ಆಚೆ ಈಚೆ ಲಾರಿಗಳ ನಡುವೆ ನುಸುಳಬೇಕಾಗಿದ್ದರೆ ಯಾವ ತಾಯಿಯೂ ಮಗುವಿನ ಕೈಗೆ ಸೈಕಲ್ಲು ಕೊಡಲಾರಳು.

ಈ ಪಾಠವನ್ನು ಮನಸ್ಸಿಗೆ ತೆಗೆದುಕೊಂಡದ್ದು ಡೆಲ್ಫ್ಟ್. ಅಲ್ಲಿ ಇದಕ್ಕೆ ನೆಲ ಹದವಾಗಿಯೇ ಇತ್ತು. 1960ರ ದಶಕದ ಕೊನೆಯಲ್ಲಿಯೇ ಯೋಸ್ಟ್ ವಾಲ್ ಎಂಬ ನಗರ ಎಂಜಿನಿಯರು ಅಲ್ಲಿಯ ಕೆಲವು ವಾಸದ ಬೀದಿಗಳಿಗೆ ಹೊಸ ರೂಪ ಕೊಟ್ಟಿದ್ದ. ಕಾಲುದಾರಿ ಬೇರೆ, ಗಾಡಿದಾರಿ ಬೇರೆ ಎಂಬ ಭೇದವನ್ನು ಅಳಿಸಿ, ಗಿಡ, ಕಲ್ಲುಬೆಂಚುಗಳನ್ನಿಟ್ಟು, ದಾರಿಯನ್ನು ಬೇಕೆಂದೇ ಡೊಂಕುಮಾಡಿ, ಮೋಟಾರು ಮನುಷ್ಯನ ನಡಿಗೆಯ ವೇಗದಲ್ಲಿಯೇ ಸಾಗುವಂತೆ ಮಾಡುವ ಉಪಾಯವದು. ಅದರ ಡಚ್ ಹೆಸರಿನ ಅರ್ಥವೇ ‘ವಾಸದ ಅಂಗಳ’. ಬೀದಿಯನ್ನೂ ಮನೆಯ ಅಂಗಳವೆಂದೇ ತಿಳಿದು ರಂಗೋಲಿ ಹಾಕಿ ಬಾಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1976ರಲ್ಲಿ ಕಾನೂನು ಕೂಡ ಈ ಅಂಗಳಗಳನ್ನು ಮಾನ್ಯ ಮಾಡಿತು. ಅಲ್ಲಿ ಪಾದಚಾರಿಗೆ ಬೀದಿಯ ಪೂರ್ತಿ ಅಗಲ ಸಲ್ಲುತ್ತದೆ, ಮಕ್ಕಳು ಆಡಬಹುದು.

1979ರಲ್ಲಿ ಡೆಲ್ಫ್ಟ್ ತನ್ನ ಸೈಕಲ್ ಯೋಜನೆಯನ್ನು ಸಿದ್ಧಪಡಿಸಿತು. 1980ರ ದಶಕದಲ್ಲಿ ಸರ್ಕಾರದ ನೆರವಿನಿಂದ ಅದು ಕಾರ್ಯಗತವಾಯಿತು. ಒಂದು ದಾರಿಯ ಬದಲು ಮೂರು ಹಂತದ ಬಲೆಯನ್ನು ಅದು ನೇಯಿತು. ಮೊದಲನೆಯ ಹಂತದ ದಾರಿಗಳು ಸುಮಾರು ಅರ್ಧ ಕಿಲೋಮೀಟರಿಗೊಂದರಂತೆ ನಗರದ ಉದ್ದಗಲಕ್ಕೂ ನೇರವಾಗಿ ಹಾಯುತ್ತವೆ; ವಿಶ್ವವಿದ್ಯಾಲಯಕ್ಕೆ, ರೈಲು ನಿಲ್ದಾಣಕ್ಕೆ, ಕಚೇರಿಗಳಿಗೆ ದೂರ ಹೋಗುವವರಿಗಾಗಿ ಇವು. ಕಾಲುವೆಯೋ ರೈಲುಹಳಿಯೋ ಅಡ್ಡ ಬಂದಲ್ಲಿ ಸೇತುವೆ, ಸುರಂಗಗಳನ್ನು ಕಟ್ಟಲು ಹೆಚ್ಚು ಹಣ ಹಿಡಿದದ್ದು ಇಲ್ಲಿಯೇ. ಎರಡನೆಯ ಹಂತದವು 200-300 ಮೀಟರುಗಳಿಗೊಂದು. ಬಡಾವಣೆಯ ಶಾಲೆಗೆ, ಅಂಗಡಿಗೆ ಹೋಗುವವರಿಗೆ. ಮೂರನೆಯವು ನೂರು ಮೀಟರಿನ ಆಸುಪಾಸಿನ ಒಳದಾರಿಗಳು. ನಡೆಯುವವರೂ ಚಿಕ್ಕ ಮಕ್ಕಳೂ ಹಂಚಿಕೊಳ್ಳುವಂಥವು, ಅಲ್ಪ ವೆಚ್ಚದವು. ಹೊಸದಾಗಿ ಕಟ್ಟಿದ್ದಕ್ಕಿಂತ ಕಡಿದುಹೋದ ಕೊಂಡಿಗಳನ್ನು ಕೂಡಿಸಿದ್ದೇ ಈ ಯೋಜನೆಯ ಜಾಣ್ಮೆ.

ಫಲವೇನು? ಅಧ್ಯಯನಕ್ಕೆ ತೆಗೆದುಕೊಂಡ ಭಾಗದಲ್ಲಿ ಒಟ್ಟು ಪಯಣಗಳಲ್ಲಿ ಸೈಕಲ್ಲಿನ ಪಾಲು ಶೇಕಡ 40ರಿಂದ 43ಕ್ಕೆ ಏರಿತು. ಇಷ್ಟು ಶ್ರಮಕ್ಕೆ ಮೂರೇ ಅಂಶವೇ ಎಂದು ಮೂಗು ಮುರಿಯುವವರುಂಟು. ಆದರೆ ಮೋಟಾರು ಪ್ರತಿವರ್ಷ ಹೆಚ್ಚು ಜನರನ್ನು ಸೆಳೆದುಕೊಳ್ಳುತ್ತಿದ್ದ ಕಾಲ ಅದು. ಪ್ರವಾಹಕ್ಕೆ ಎದುರಾಗಿ ಈಜುವವನು ನಿಂತಲ್ಲಿಯೇ ನಿಂತರೂ ಅದು ಸಾಧನೆ. ಡೆಲ್ಫ್ಟ್ ನಾಲ್ಕು ಮಾರು ಮುಂದೆಯೇ ಹೋಗಿತ್ತು. ಮುಂದೆ ಬೇರೆ ಊರುಗಳು ದಾರಿ ಕಟ್ಟುವಾಗ ಬಲೆಯ ಈ ಲೆಕ್ಕವನ್ನು ಮುಂದಿಟ್ಟುಕೊಂಡವು. 1965ರಿಂದ ಡೆಲ್ಫ್ಟ್ ನಗರದ ನಡುವೆ ಎತ್ತರದ ಸೇತುವೆಯ ಮೇಲೆ ಓಡುತ್ತಿದ್ದ ರೈಲು 2015ರಲ್ಲಿ ಸುರಂಗಕ್ಕೆ ಇಳಿದು, ಊರನ್ನು ಸೀಳಿದ್ದ ಇನ್ನೊಂದು ಗೋಡೆಯೂ ಸರಿಯಿತು.

ಹಾಲೆಂಡಿನಲ್ಲಿ ಕೆಲಸ ಮುಗಿದಿದೆ ಎಂದಲ್ಲ. 2023ರಲ್ಲಿಯೂ ಅಲ್ಲಿ ರಸ್ತೆಯಲ್ಲಿ 684 ಮಂದಿ ಸತ್ತರು. ಅವರಲ್ಲಿ 270 ಮಂದಿ ಸೈಕಲ್ ಸವಾರರು. ಆದರೂ ಜನಸಂಖ್ಯೆಯೂ ವಾಹನಗಳೂ ಬಹಳ ಹೆಚ್ಚಿರುವಾಗ ಸಾವು 1971ರ ಕಾಲುಭಾಗಕ್ಕಿಂತ ಕೆಳಗಿಳಿದದ್ದು ಸಣ್ಣ ಮಾತಲ್ಲ. ಈ ಇಳಿತವೆಲ್ಲ ಸೈಕಲ್ ದಾರಿಗಳಿಂದಲೇ ಬಂದದ್ದೆನ್ನಲಾಗದು. ವೇಗಮಿತಿ, ಕಾನೂನು, ವೈದ್ಯರ ನೆರವು ಎಲ್ಲವೂ ಸೇರಿವೆ. ಆದರೆ ಮಕ್ಕಳ ಸಾವಿಗೆ ಹೊಣೆ ಯಾರು ಎಂಬ ಪ್ರಶ್ನೆಯನ್ನು ಮೊದಲು ಎತ್ತಿದವರು ಆ ತಾಯಿತಂದೆಯರೇ.

ನಮ್ಮ ನಗರಗಳಲ್ಲಿ ಗಾಳಿಸಂಚಾರದ ಹಾದಿಯೆಂದೋ ಸೈಕಲ್ ಪಥವೆಂದೋ ಒಂದೊಂದು ತುಂಡನ್ನು ಕಟ್ಟಿ ಪ್ರಾರಂಭೋತ್ಸವ ನಡೆಸುವ ಮುನ್ನ ಡೆಲ್ಫ್ಟಿನ ಅನುಭವವನ್ನು ನೆನೆಯುವುದು ಒಳ್ಳೆಯದು. ಬಡಾವಣೆಯ ನಕ್ಷೆಯನ್ನು ಹರಡಿ, ಮನೆಗಳನ್ನೂ ಶಾಲೆಯನ್ನೂ ಗುರುತಿಸಿ, ನಡುವೆ ದಾರಿ ಎಲ್ಲೆಲ್ಲಿ ಕಡಿದಿದೆ ಎಂದು ನೋಡುವುದಕ್ಕೆ ಖರ್ಚು ಹೆಚ್ಚಿಲ್ಲ. ಒಂದು ಮಧ್ಯಾಹ್ನದ ಕೆಲಸ ಅದು. ಪುರಸಭೆ ಮಾಡದಿದ್ದರೆ ಬೀದಿಯ ನಿವಾಸಿಗಳೇ ಮಾಡಬಹುದು.