ಓದುಗ ಎದ್ದು ಹೋಗೋದು ಯಾವಾಗ?

ಕಾದಂಬರಿಯನ್ನ ಅರ್ಧಕ್ಕೆ ಬಿಟ್ಟವರನ್ನ ಕೇಳಿ ನೋಡಿ, ‘ತುಂಬಾ ದೊಡ್ಡದು ಮಾರಾಯ’ ಅಂತಾರೆ. ನನಗೆ ಈ ಮಾತಲ್ಲಿ ನಂಬಿಕೆಯಿಲ್ಲ. ಅದೇ ಜನ ಭೈರಪ್ಪನವರ ‘ಪರ್ವ’ವನ್ನ ನಿದ್ದೆಗೆಟ್ಟು ಮುಗಿಸಿರ್ತಾರೆ. ತೊಂದರೆ ಪುಟಗಳದ್ದಲ್ಲ, ಕತೆ ಹೇಳುವವನು ಓದುಗನನ್ನ ಎಲ್ಲಿ ಕೂರಿಸಿದ್ದಾನೆ ಅನ್ನೋದರದ್ದು.

1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ನೋಡಿ. ಎಳೆಯ ವಿಧವೆಯೊಬ್ಬಳು ಓದು ಕಲಿತು ಮರುಮದುವೆಯಾಗುವ ಕತೆ. ಪುಸ್ತಕದ ಇನ್ನೊಂದು ಹೆಸರು ‘ಸದ್ಧರ್ಮ ವಿಜಯ’. ಗೆಲ್ಲೋದು ಯಾರು ಅಂತ ಹೆಸರಲ್ಲೇ ಗೊತ್ತಾಯ್ತಲ್ಲ! ಇವತ್ತು ಓದಿದರೆ ಪಾಠ ಕೇಳಿದ ಹಾಗೆ ಆಗುತ್ತೆ. ಆದರೆ ವಿಧವೆಯ ಮದುವೆ ಅಂದರೆ ಊರಿಗೆ ಊರೇ ಸಿಡಿದೇಳುತ್ತಿದ್ದ ಕಾಲ ಅದು. ‘ತೀರ್ಮಾನ ನಿಮಗೇ ಬಿಟ್ಟಿದ್ದು’ ಅಂತ ಲೇಖಕ ಸುಮ್ಮನಾಗಿದ್ದರೆ, ತೀರ್ಮಾನ ಯಾವ ಕಡೆ ಬೀಳುತ್ತಿತ್ತು ಅಂತ ಬೇರೆ ಹೇಳಬೇಕಿಲ್ಲ.

1933ರ ‘ಚೋಮನ ದುಡಿ’ಗೆ ಬಂದರೆ ದನಿಯೇ ಬೇರೆ. ಚೋಮನಿಗೆ ಬೇಕಿದ್ದದ್ದು ಉಳೋದಕ್ಕೆ ಒಂದು ತುಂಡು ನೆಲ. ಹುಟ್ಟಿದ ಜಾತಿಯ ಕಾರಣಕ್ಕೆ ಅದು ಸಿಗಲಿಲ್ಲ. ಕಾರಂತರು ಅವನ ಪರವಾಗಿ ಉದ್ದುದ್ದ ವಾದ ಮಾಡೋದಿಲ್ಲ, ದುಡಿ ಬಡಿಯೋಕೆ ಬಿಡ್ತಾರೆ. ಆ ಸದ್ದಿನ ಅರ್ಥ ಹುಡುಕುವ ಕೆಲಸ ನಮ್ಮದು. ಭೂಮಿಯ ವಿಷಯಕ್ಕೆ ದನಿ ಏರುವುದನ್ನ ಕೇಳುತ್ತಾ ಹಳ್ಳಿಯಲ್ಲಿ ಬೆಳೆದ ನನಗೆ ಅದು ಯಾವ ಭಾಷಣಕ್ಕಿಂತಲೂ ಜೋರಾಗಿ ಕೇಳಿಸಿತು.

ಕುವೆಂಪು 1967ರ ‘ಮಲೆಗಳಲ್ಲಿ ಮದುಮಗಳು’ವಿನಲ್ಲಿ ಇನ್ನೂ ಮುಂದೆ ಹೋದರು. ಇಂಥವನೇ ನಾಯಕ ಅಂತಿಲ್ಲ. ಹಳೆಮನೆ, ಕೋಣೂರು, ಬೆಟ್ಟಳ್ಳಿ ಅಂತ ಮನೆಗಳು, ಅವುಗಳ ತುಂಬ ಜನ. ಜೊತೆಗೆ ಕಾಡು, ಮಳೆ, ಗುತ್ತಿಯ ನಾಯಿ ಹುಲಿಯ. ಯಾರ ಹಿಂದೆ ಹೋಗಬೇಕು ಅಂತ ಯಾರೂ ಹೇಳೋದಿಲ್ಲ. ‘ಇಂದಿರಾಬಾಯಿ’ ಕೈ ಬಿಗಿಯಾಗಿ ಹಿಡಿದು ಓದುಗನನ್ನ ಕಳೆದುಕೊಂಡರೆ, ಇದು ಕೈ ಬಿಟ್ಟು ಕಳೆದುಕೊಳ್ಳುತ್ತೆ.

ತೇಜಸ್ವಿಯವರ ‘ಕರ್ವಾಲೊ’ (1980) ಇವೆರಡರ ನಡುವಿನ ದಾರಿ. ಕತೆ ಹೇಳುವ ಕೃಷಿಕನಿಗೇ ಎಲ್ಲ ಗೊತ್ತಿಲ್ಲ. ಮಂದಣ್ಣನ ಹಿಂದೆ, ಹಾರುವ ಓತಿಯ ಹಿಂದೆ ಅವನೂ ನಮ್ಮಷ್ಟೇ ಕುತೂಹಲದಿಂದ ಹೊರಡ್ತಾನೆ. ಕನ್ನಡ ಪುಸ್ತಕವನ್ನೇ ಮುಟ್ಟದ ನನ್ನ ಸಹೋದ್ಯೋಗಿಗಳೂ ಇದನ್ನ ಮುಗಿಸಿದ್ದಾರೆ.

ಹಾಗಂತ ಎಲ್ಲರೂ ‘ಕರ್ವಾಲೊ’ ಥರಾನೇ ಬರೀಬೇಕಿಲ್ಲ. ಕೈ ಹಿಡಿಯದ ಪುಸ್ತಕಗಳೂ ಬೇಕು. ಎಲ್ಲರ ಬದುಕನ್ನೂ ಸಮವಾಗಿ ನೋಡುವ ಕತೆಯಲ್ಲಿ ದಾರಿ ತಪ್ಪೋದು ಸಹಜ. ‘ಮದುಮಗಳು’ ಅರ್ಧಕ್ಕೆ ನಿಂತಿದ್ದರೆ ಹೆಸರು ನೆನಪಿಟ್ಟುಕೊಳ್ಳುವ ಹಟ ಬಿಡಿ. ಸದ್ಯಕ್ಕೆ ಗುತ್ತಿ, ಹುಲಿಯ ಇಬ್ಬರ ಹಿಂದೆ ಹೋಗಿ. ಉಳಿದವರು ದಾರಿಯಲ್ಲಿ ಸಿಗ್ತಾರೆ.